ಅಗಸಿ ಕಟ್ಟಿದ ವರ್ಷದ ನಿಂಬೆವ್ವ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದಾಗ, ಹೊಳೆದಂಡೆಯ ಒಂದು ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ಕಂಬಳಿಗೆ ಉಣ್ಣೆ ನೂಲುವುದು ಅವಳ ಕೆಲಸ. ಗಂಡ ಇರಲಿಲ್ಲ, ಹೆತ್ತ ಮಕ್ಕಳೂ ಇರಲಿಲ್ಲ.

ಒಂದು ವರ್ಷ ಊರಿಗೆ ದೊಡ್ಡ ಬೇನೆ ಬಂತು. ಮನೆಮನೆಯಲ್ಲಿ ಹೆಣ ಬಿದ್ದವು. ಬೇನೆ ಹೋದ ಮೇಲೆ ನೋಡಿದರೆ ಒಂಬತ್ತು ಮಕ್ಕಳಿಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ನಿಂಬೆವ್ವ ಆ ಒಂಬತ್ತನ್ನೂ ತನ್ನ ಗುಡಿಸಲಿಗೆ ಕರಕೊಂಡು ಬಂದಳು. ಊರ ಹಿರಿಯರು ಕೂಡಿ ಒಂದು ಕಟ್ಟು ಮಾಡಿದರು: ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಬುಟ್ಟಿ ಜೋಳ ಈ ಮಕ್ಕಳಿಗೆ. ಹಾಗೇ ನಾಲ್ಕು ಸುಗ್ಗಿ ನಡೆಯಿತು. ಅವಳ ರೊಟ್ಟಿ ತಿಂದ ಮಗುವಿಗೆ ಅಳುವುದೇ ಮರೆತುಹೋಗುತ್ತಿತ್ತು ಅಂತಾರೆ.

ಐದನೆಯ ಸುಗ್ಗಿಗೆ ಹಿರಿಯರಿಗೆ ಊರ ಮುಂದೆ ಅಗಸಿ ಕಟ್ಟುವ ಆಸೆ ಹುಟ್ಟಿತು. ಪಕ್ಕದ ಊರಿಗೆ ಕಲ್ಲಿನ ಅಗಸಿಬಾಗಿಲಿತ್ತು, ಈ ಊರಿಗೆ ಇರಲಿಲ್ಲ. ಕಲ್ಲುಕುಟಿಗರಿಗೆ ಕಾಳು ಬೇಕು. ಎಲ್ಲಿಂದ ತರುವುದು? ಹುಡುಕಿ ಹುಡುಕಿ ಮಕ್ಕಳ ಬುಟ್ಟಿಗೇ ಕೈ ಹಾಕಿದರು. ಬೇನೆ ಹೋಗಿ ಎಷ್ಟೋ ಕಾಲವಾಯಿತು, ಇನ್ನು ಅವರ ದಾರಿ ಅವರು ನೋಡಿಕೊಳ್ಳಲಿ ಅಂದರಂತೆ.

ನಿಂಬೆವ್ವ ಒಂಬತ್ತೂ ಮಕ್ಕಳನ್ನು ಚಾವಡಿಗೆ ಕರಕೊಂಡು ಹೋಗಿ ಸಾಲಾಗಿ ನಿಲ್ಲಿಸಿದಳು.

"ಗೌಡ್ರ, ಎಲ್ಲಾರನ್ನೂ ಸಾಕೂದು ನನ್ನ ಕೈಲೆ ಆಗೂದಿಲ್ಲ. ಯಾರನ್ನ ಬಿಡ್ಲಿ? ನೀವ ತೋರಿಸ್ರಿ," ಅಂದಳು.

ಯಾರೂ ತೋರಿಸಲಿಲ್ಲ. ಗೌಡ ನೆಲ ನೋಡುತ್ತ, "ಒಂದ ವರ್ಷದ ಮಾತು ನಿಂಬೆವ್ವಾ, ಅಗಸಿ ಒಂದ ಮುಗೀಲಿ," ಅಂದ.

"ಹೊಟ್ಟಿಗೆ ವರ್ಷ ಗೊತ್ತಿರೂದಿಲ್ರಿ," ಅಂದು ಅವಳು ಮಕ್ಕಳ ಜೊತೆ ತಿರುಗಿ ಹೋದಳು.

ಆ ವರ್ಷ ಅವಳ ಗಡಿಗೆ ಬತ್ತಲೇ ಇಲ್ಲ ಅಂತಾರೆ. ತೋಡಿದಷ್ಟೂ ಅಂಬಲಿ ಬರುತ್ತಿತ್ತು ಅಂತಾರೆ. ನಮ್ಮಜ್ಜಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ನಿಂಬೆವ್ವ ಉಣ್ಣುತ್ತಿರಲಿಲ್ಲ, ಅದಕ್ಕೇ ಗಡಿಗೆಯಲ್ಲಿ ಉಳಿಯುತ್ತಿತ್ತು ಅನ್ನುತ್ತಿದ್ದಳು.

ಆದರೂ ಚಳಿಗಾಲದಲ್ಲಿ, ಎಲ್ಲರಿಗಿಂತ ಸಣ್ಣವಳು, ಶಿವಕ್ಕ ಅನ್ನುವ ಮೂಕ ಹುಡುಗಿ, ತೀರಿಕೊಂಡಳು. ಇನ್ನಷ್ಟು ಹಾಕು ಅಂತ ಕೇಳಲು ಆ ಕೂಸಿಗೆ ಬಾಯಿರಲಿಲ್ಲ. ನಿಂಬೆವ್ವ ಅದನ್ನು ಕಂಬಳಿಯಲ್ಲಿ ಸುತ್ತಿ, ತಾನೇ ಎತ್ತಿಕೊಂಡು, ಅರ್ಧ ಕಟ್ಟಿದ ಅಗಸಿಯನ್ನು ಹಾದು ಹೋದಳು. ಆ ಬಾಗಿಲಿಂದ ಹೊರಗೆ ಹೋದ ಮೊದಲ ಹೆಣ ಅದು. ಕಲ್ಲುಕುಟಿಗರು ಉಳಿ ಕೆಳಗಿಟ್ಟು ಎದ್ದು ನಿಂತರಂತೆ. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ.

ಮಳೆ ಬೀಳುವ ಮೊದಲೇ ನಿಂಬೆವ್ವನೂ ತೀರಿಹೋದಳು. ಉಳಿದ ಎಂಟು ಮಕ್ಕಳನ್ನು ಎಂಟು ಮನೆಯವರು ಬಂದು ಕರಕೊಂಡು ಹೋದರು. ಮೊದಲು ಬಂದವನು ಗೌಡ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಒಳಗೆ ಕಾಲಿಡಲಿಲ್ಲವಂತೆ.

ಈಗಲೂ ಆ ಊರಿನ ಕಣಗಳಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಅನ್ನುವುದಿಲ್ಲ, ಬೇರೆ ಊರವರ ಹಾಗೆ 'ಲಾಭ' ಅಂತಲೂ ಅನ್ನುವುದಿಲ್ಲ. 'ನಿಂಬೆವ್ವ' ಅಂತಾರೆ. ಆ ಸೇರನ್ನು ಬೇರೆ ತೆಗೆದು, ಹೆತ್ತವರಿಲ್ಲದ ಮಗು ಇರುವ ಮನೆಗೆ ಮುಟ್ಟಿಸುತ್ತಾರೆ. ಆಮೇಲೆ 'ಎರಡು' ಅಂತ ಎಣಿಸುತ್ತಾರೆ.