ಅಜ್ಜನ ಯುದ್ಧವನ್ನು ಮೊಮ್ಮಗ ಗೆದ್ದದ್ದು

ಹೊಂಬೆಟ್ಟದ ಸಿಡಿಲಪ್ಪ ನಾಯಕನಿಗೆ ಮುಗಿದುಹೋದ ಯುದ್ಧಗಳೆಂದರೆ ಬಲು ಪ್ರೀತಿ. ಅಲ್ಲಿ ಪೆಟ್ಟು ಬೀಳೋದಿಲ್ಲ ನೋಡಿ!

ಒಂದು ದಿನ ಆಸ್ಥಾನದಲ್ಲಿ ಮೀಸೆ ತಿರುವುತ್ತ ಅಬ್ಬರಿಸಿದ: “ನಮ್ಮಜ್ಜ ಕರಿಗಲ್ಲಿನವರ ಜತೆ ಸಂಧಿ ಮಾಡಿಕೊಂಡು ಮಾನ ಕಳೆದರು. ಅವತ್ತು ಈ ಗದ್ದುಗೆ ಮೇಲೆ ನಾನಿದ್ದಿದ್ದರೆ ಅವರ ಕೋಟೆಯನ್ನು ಪುಡಿಪುಡಿ ಮಾಡುತ್ತಿದ್ದೆ! ಆ ಸಂಧಿ ಇವತ್ತಿಗೆ ರದ್ದು. ನಾಳೆಯೇ ದಂಡು ಹೊರಡಲಿ!”

“ಭಲೇ ಪ್ರಭು!” ಎಂದರು ಮಂತ್ರಿಗಳು. ದಂಡಿನ ಜತೆ ಸಾಯೋಕೆ ಹೋಗಬೇಕಾದವರು ಅವರಲ್ಲವಲ್ಲ! ಬಾಗಿಲು ಕಾಯುತ್ತಿದ್ದ ಸಿಪಾಯಿಗಳ ಮುಖ ಮಾತ್ರ ಬಾಡಿಹೋಯಿತು.

ಅದನ್ನು ಕಂಡು ವಿದೂಷಕ ಅಳಸಿಂಗಯ್ಯ ಎದ್ದು ಕೈಮುಗಿದ.

“ಪ್ರಭು, ನಾಳೆಯದು ನಾಳೆಗಿರಲಿ. ಅಜ್ಜನ ಯುದ್ಧವನ್ನು ಈಗ ಇಲ್ಲೇ ಗೆದ್ದುಬಿಡಿ, ಕಣ್ತುಂಬ ನೋಡೋಣ. ನೀವು ಅಜ್ಜನ ಜಾಗದಲ್ಲಿ ಕೂತಿರಿ. ನಾನು ಕರಿಗಲ್ಲಿನ ರಾಯಭಾರಿ.”

ನಾಯಕ ಖುಷಿಯಿಂದ ಕಾಲ ಮೇಲೆ ಕಾಲು ಹಾಕಿದ.

“ದೊರೆಯೇ, ಯುದ್ಧ ಸಾಕು ಮಾಡೋಣ. ಸಂಧಿಗೆ ತಾಂಬೂಲ ತಂದಿದ್ದೇನೆ.”

“ತಾಂಬೂಲದ ತಟ್ಟೆಯನ್ನು ಒದ್ದುಬಿಟ್ಟೆ! ನಡಿ ಆಚೆ!”

“ಗಡಿಯ ಹಳ್ಳಿಗಳನ್ನು ಬಿಟ್ಟುಕೊಡುತ್ತೇವೆ.”

“ಹಳ್ಳಿ ಯಾರಿಗೆ ಬೇಕಯ್ಯಾ? ಕೋಟೆಯೇ ಬೇಕು!”

“ಹಾಗಾದರೆ ಊರಬಾಗಿಲಲ್ಲಿ ಪಲ್ಲಕ್ಕಿ ನಿಂತಿದೆಯಲ್ಲ, ಅದನ್ನೇನು ಮಾಡಲಿ?”

“ಹಿಂದಕ್ಕೆ ಕಳಿಸು! ಅವರ ಒಂದು ಹುಲ್ಲುಕಡ್ಡಿಯೂ ನಮ್ಮೂರೊಳಗೆ ಬರಕೂಡದು!”

“ಅಪ್ಪಣೆ.” ಅಳಸಿಂಗಯ್ಯ ಬಾಗಿಲ ಕಡೆ ತಿರುಗಿ ಕೂಗಿದ: “ಬೋಯಿಗಳೇ, ಪಲ್ಲಕ್ಕಿ ತಿರುಗಿಸ್ರೋ! ಮದುವಣಗಿತ್ತಿಯನ್ನು ತವರಿಗೆ ಬಿಟ್ಟುಬನ್ನಿ!”

ನಾಯಕನ ಕಾಲು ಕೆಳಗಿಳಿಯಿತು. “ಯಾವ ಮದುವಣಗಿತ್ತಿ?”

“ನಾಗಾಜಮ್ಮನವರು. ಸಂಧಿಯಾದರೆ ಹೆಣ್ಣು ತಂದುಕೊಳ್ಳೋದು ಪದ್ಧತಿ ಅಲ್ಲವೇ? ಪಾಪ, ಅಜ್ಜ ಮಾನ ಕಳೆದುಕೊಂಡು ಮದುವೆಯಾಗಿದ್ದರು. ನೀವು ಶೂರರು, ವಾಪಸ್ಸು ಕಳಿಸಿದಿರಿ.”

“ಅಯ್ಯೋ! ನಮ್ಮಜ್ಜೀನಾ? ಈಗ ಒಳಗೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾರಲ್ಲಯ್ಯಾ!”

“ಇನ್ನೆಲ್ಲಿಯ ಅಜ್ಜಿ, ಪ್ರಭು? ಮದುವೆಯೇ ಆಗಲಿಲ್ಲ. ನಿಮ್ಮ ತಂದೆಯವರು ಹುಟ್ಟಲೇ ಇಲ್ಲ.”

ನಾಯಕ ತನ್ನ ಮೀಸೆಯನ್ನು ಮುಟ್ಟಿ ನೋಡಿಕೊಂಡ. “ಆದರೂ… ಕೋಟೆ ಗೆದ್ದೆನಲ್ಲ?”

“ಗೆದ್ದಿರಿ ಪ್ರಭು, ಅನುಮಾನವೇ ಇಲ್ಲ. ವಿಜಯದ ಮೆರವಣಿಗೆಗೆ ಆನೆಯೂ ಸಿದ್ಧ. ಅಂಬಾರಿಯ ಮೇಲೆ ಯಾರನ್ನು ಕೂರಿಸಬೇಕು ಅನ್ನೋದೊಂದೇ ತಿಳೀತಿಲ್ಲ.”

ಬಾಗಿಲಲ್ಲಿದ್ದ ಸಿಪಾಯಿಯೊಬ್ಬ ಕಿಸಕ್ಕನೆ ನಕ್ಕ. ಮಂತ್ರಿಗಳು ನೆಲ ನೋಡಿದರು. ನಾಯಕ ಒಂದು ಗಳಿಗೆ ಕಣ್ಣು ಕೆಂಪಗೆ ಮಾಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕೊರಳಿನ ಮುತ್ತಿನ ಸರ ತೆಗೆದು ಅಳಸಿಂಗಯ್ಯನ ಕೈಗಿಟ್ಟ.

“ಅಂಬಾರಿಯ ಮೇಲೆ ನಮ್ಮಜ್ಜಿಯನ್ನೇ ಕೂರಿಸಯ್ಯಾ. ತವರು ನೋಡಿಕೊಂಡು ಬರಲಿ.”

“ಮತ್ತೆ ನಾಳೆ ಹೊರಡಬೇಕಾದ ದಂಡು, ಪ್ರಭು?”

“ಅದೂ ಹೊರಡಲಿ, ಅಜ್ಜಿಯ ಹಿಂದೆ. ಬೀಗರ ಮನೆಯ ಊಟ ಮುಗಿಸಿಕೊಂಡೇ ಬರಲಿ!”