ದ್ಯಾಮಕ್ಕನ ತುಂಬಿದ ಕೊಳ

ಮಕ್ಕಳೇ, ಕಾಡಿನಲ್ಲಿ ಕರೆಂಟು ಇತ್ತು ಎಂದರೆ ನಗಬೇಡಿ. ಗಾಳಿಗುಡ್ಡದ ಕಾಡಿನಲ್ಲಿ ನಿಜವಾಗಿಯೂ ಇತ್ತು. ಗುಡ್ಡದ ನೆತ್ತಿಯ ಮೇಲೊಂದು ಗಾಳಿಯಂತ್ರ, ಬುಡದಲ್ಲೊಂದು ಬೆಚ್ಚನೆಯ ಗುಹೆ. ಹಕ್ಕಿಗಳೆಲ್ಲ ಆ ಗುಹೆಯಲ್ಲಿ, ಉರಿಯುವ ಬಲ್ಬುಗಳ ಕೆಳಗೆ ಮೊಟ್ಟೆ ಇಟ್ಟು ಕಾಳು ಹುಡುಕಲು ಹೋಗುತ್ತಿದ್ದವು.

ಗಾಳಿ ಜೋರಾಗಿ ಬೀಸಿದಾಗ ಬಲ್ಬಿಗೆ ಸಾಲುವಷ್ಟು ಕರೆಂಟು ಹೋಗಿ ಇನ್ನೂ ಮಿಗುತ್ತಿತ್ತು. ಮಿಕ್ಕಿದ್ದರಲ್ಲಿ ಪಂಪು ಓಡಿ, ಕೆಳಗಿನ ಹೊಂಡದ ನೀರು ಗುಡ್ಡದ ಮೇಲಿನ ಕೊಳಕ್ಕೆ ಏರುತ್ತಿತ್ತು. ಗಾಳಿ ನಿಂತಿತೋ, ಕೊಳದ ತೂಬು ಎತ್ತಬೇಕು. ನೀರು ರಭಸದಿಂದ ಇಳಿದು ಚಕ್ರ ತಿರುಗಿಸಿದರೆ ಬಲ್ಬು ಮತ್ತೆ ಹೊತ್ತಿಕೊಳ್ಳುತ್ತಿತ್ತು.

ತೂಬು ಕಾಯುವವಳು ನೀರುಕೋಳಿ ದ್ಯಾಮಕ್ಕ. ಅವಳವೂ ಐದು ಮೊಟ್ಟೆ ಗುಹೆಯಲ್ಲಿದ್ದವು. ಹಿಂದಿನ ವರ್ಷ ಒಮ್ಮೆ ಕೊಳ ಬರಿದಾಗಿ, ಗುಹೆ ಅರ್ಧ ದಿನ ಕತ್ತಲಾಗಿತ್ತು. ಅಂದಿನಿಂದ ಅವಳ ಎದೆಯಲ್ಲಿ ಒಂದೇ ಪುಕಪುಕ. ನೀರು ಗೇಣುದ್ದ ಇಳಿದರೂ ಊಟ ಸೇರುತ್ತಿರಲಿಲ್ಲ.

ಒಂದು ಚಳಿಯ ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತು. ಗುಹೆ ನೋಡಿಕೊಳ್ಳುವ ಮುದಿ ಅಳಿಲಣ್ಣ ಏದುಸಿರು ಬಿಡುತ್ತಾ ಕೊಳದ ಏರಿಗೆ ಬಂದ.

"ದ್ಯಾಮಕ್ಕ, ಬಲ್ಬು ಆರಿತು. ತೂಬು ಎತ್ತವ್ವ."

ದ್ಯಾಮಕ್ಕ ತುಂಬಿದ ಕೊಳವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದಳು. ಎರಡೇ ಬೆರಳಷ್ಟು ಎತ್ತಿದಳು.

"ಇಷ್ಟೇನಾ?"

"ನಾಳೆಯೂ ಗಾಳಿ ಬರದಿದ್ದರೆ ಏನು ಮಾಡೋಣ ಅಳಿಲಣ್ಣ? ನಾಡಿದ್ದು? ಇರುವುದನ್ನೆಲ್ಲ ಇವತ್ತೇ ಬಿಟ್ಟರೆ ಮರಿಗಳ ಗತಿ ಏನು?"

"ಮೊಟ್ಟೆ ಇವತ್ತು ತಣ್ಣಗಾದರೆ ನಾಳೆ ಮರಿ ಎಲ್ಲಿಂದ ಬಂತವ್ವ?"

ಮಾತು ಸರಿ ಎಂದು ಅವಳಿಗೂ ಗೊತ್ತಾಯಿತು. ಆದರೆ ಭಯಕ್ಕೆ ಸರಿ ತಪ್ಪು ಎಲ್ಲಿ ಕೇಳಿಸುತ್ತದೆ? ಅಳಿಲಣ್ಣ ತಾನೇ ತೂಬಿಗೆ ಕೈ ಹಾಕಿದರೆ ಕುಕ್ಕಲು ಬಂದಳು.

ಸಣ್ಣ ನೀರಿಗೆ ಚಕ್ರ ತೂಕಡಿಸುತ್ತಾ ತಿರುಗಿತು. ಬಲ್ಬು ಮಂಕಾಗಿ ಕೆಂಪಾಯಿತೇ ಹೊರತು ಬಿಸಿ ಕೊಡಲಿಲ್ಲ. ಅಳಿಲಣ್ಣ ಮತ್ತೆ ಗುಡ್ಡ ಹತ್ತಿ ಬಂದ.

"ಗುಹೆಯಲ್ಲಿ ಚಳಿ ಕೊರೆಯುತ್ತಿದೆ. ತಾಯಂದಿರಿಗೆಲ್ಲ ಹೇಳಿ ಕಳಿಸಿದ್ದೇನೆ. ತೂಬು ಎತ್ತು, ಇಲ್ಲ ನೀನೂ ಬಂದು ಕಾವಿಗೆ ಕೂರು."

"ನಾನು ಅತ್ತ ಬಂದರೆ ಇತ್ತ ಯಾರಾದರೂ ನೀರು ಬಿಟ್ಟುಬಿಟ್ಟರೆ?" ಎಂದು ದ್ಯಾಮಕ್ಕ ತೂಬಿನ ಮೇಲೆಯೇ ಕುಳಿತಳು.

ಕೌಜುಗ, ನವಿಲು, ಕಾಡುಕೋಳಿ ಓಡೋಡಿ ಬಂದು ತಮ್ಮ ತಮ್ಮ ಮೊಟ್ಟೆಗಳ ಮೇಲೆ ಕುಳಿತವು. ದ್ಯಾಮಕ್ಕನ ಐದನ್ನು ಅಳಿಲಣ್ಣ ತನ್ನ ಬಾಲದಿಂದ ಮುಚ್ಚಿದ. ಅಳಿಲಿನ ಬಾಲ, ಎಷ್ಟೆಂದು ಮುಚ್ಚೀತು?

ಸಂಜೆಯ ಹೊತ್ತಿಗೆ ಗಾಳಿ ಬಂತು. ಪಂಪು ಭರಭರನೆ ನೀರೆತ್ತಿತು. ಕೊಳದಲ್ಲಿ ಜಾಗವೇ ಇಲ್ಲ. ಬಂದ ನೀರೆಲ್ಲ ಕೋಡಿ ಹರಿದು ಹೋಯಿತು. "ಸದ್ಯ, ನೀರು ಉಳಿಯಿತು," ಎಂದು ದ್ಯಾಮಕ್ಕ ನಿಟ್ಟುಸಿರು ಬಿಟ್ಟಳು.

ವಾರ ಕಳೆದ ಮೇಲೆ ಗುಹೆಯ ತುಂಬ ಚಿಲಿಪಿಲಿ. ಎಲ್ಲರ ಮೊಟ್ಟೆಗಳೂ ಒಡೆದಿದ್ದವು, ದ್ಯಾಮಕ್ಕನ ಐದು ಬಿಟ್ಟು. ಅವಳು ಒಂದೊಂದಕ್ಕೂ ಕಿವಿಗೊಟ್ಟು ಕೇಳಿದಳು. ಮತ್ತೆ ಮೊದಲನೆಯದರಿಂದ ಕೇಳಿದಳು.

"ಅಳಿಲಣ್ಣ, ಇನ್ನೆರಡು ದಿನ ನೋಡೋಣವೇ?"

ಅಳಿಲಣ್ಣ ಅವಳ ಪಕ್ಕದಲ್ಲಿ ಕುಳಿತುಕೊಂಡ.

ನೀತಿ: ಕಷ್ಟಕಾಲಕ್ಕೆಂದು ಕೂಡಿಟ್ಟದ್ದನ್ನು ಕಷ್ಟ ಬಂದ ದಿನ ಕೈಬಿಚ್ಚಿ ಬಳಸಬೇಕು; ನಾಳೆಯ ಭಯಕ್ಕೆ ಇವತ್ತನ್ನು ಬಲಿ ಕೊಡಬಾರದು.