ಗೊತ್ತಿಲ್ಲ ಅಂದ ಪೆಟ್ಟಿಗೆ

ಜಾಲಿಗುಂಟೆ ಅಂತ ಒಂದು ಊರು. ತಿಪ್ಪೇಶ ಚಿಕ್ಕವನಿದ್ದಾಗ ಆ ಊರಲ್ಲಿ ಯಂತ್ರ ಅಂತ ಇದ್ದದ್ದು ಎರಡೇ. ಒಂದು ಪಂಚಾಯ್ತಿ ರೇಡಿಯೊ, ಇನ್ನೊಂದು ಅವರಪ್ಪನ ರಾಗಿ ಮಿಷನ್. ರೇಡಿಯೊ ತನಗೆ ತೋಚಿದ್ದು ಹೇಳ್ತಿತ್ತು, ಜನ ಕೇಳಿದ್ದು ಹೇಳ್ತಿರಲಿಲ್ಲ. ತಿಪ್ಪೇಶ ಹೇಳ್ತಿದ್ದ.

ಅವನಿಗೆ ಓದೋ ಹುಚ್ಚು. ಊರಿಗೆ ಪೇಪರ್ ಬರ್ತಿರಲಿಲ್ಲ, ಕಡಲೆಕಾಯಿ ಪೊಟ್ಟಣ ಬರ್ತಿತ್ತು. ಪೊಟ್ಟಣ ಬಿಚ್ಚಿ ಅದರ ಕಾಗದ ಓದೋನು. ಕಾಗದ ಹರಿದ ಕಡೆ ಸುದ್ದಿಯೂ ನಿಂತುಹೋಗೋದು. ಮಿಕ್ಕಿದ್ದನ್ನ ತಾನೇ ಸೇರಿಸ್ಕೊಳ್ಳೋನು.

ದೊಡ್ಡವನಾದ ಮೇಲೆ ಮಿಷನ್ ಅವನ ಕೈಗೆ ಬಂತು. ಹಿಟ್ಟು ಕೂತು ಕೂತು ಹುಬ್ಬು ಬೆಳ್ಳಗಾಗಿ, ಮೂವತ್ತಕ್ಕೇ ಜ್ಞಾನಿ ಥರ ಕಾಣ್ತಿದ್ದ. ಡಬ್ಬ ಇಟ್ಟುಕೊಂಡು ಕಾಯೋ ಜನ ಏನೇ ಕೇಳಿದ್ರೂ ಉತ್ತರ ರೆಡಿ. ಚಂದ್ರ ಎಷ್ಟು ದೂರ? "ಹದಿನೆಂಟು ಸಾವಿರ ಮೈಲಿ." ಒಂದ್ಸಲ ಮದುವೆ ದಿಬ್ಬಣದ ಲಾರಿಗೆ ದಾರಿ ಹೇಳಿದ. ಅವರು ಬೇರೆ ಯಾರದೋ ಮದುವೆಗೆ ಹೋಗಿ ಉಂಡು ಬಂದ್ರು. ಊಟ ಚೆನ್ನಾಗಿತ್ತಂತೆ, ಯಾರೂ ತಕರಾರು ಮಾಡಲಿಲ್ಲ.

ಒಂದಿನ ಓಬಕ್ಕನ ಮಗಳು ಮಾರಕ್ಕ ರಾಗಿ ಹೊತ್ತು ಬಂದ್ಲು. ಪಿಯುಸಿ ಪಾಸಾಗಿದ್ಲು. ಟೀಚರ್ ಆಗ್ಬೇಕು ಅಂತ ಆಸೆ. "ಈ ವರ್ಷ ಸೀಟು ಸಿಕ್ರೆ ಓದು, ಇಲ್ದಿದ್ರೆ ಮದುವೆ" ಅಂತ ಅವಳಪ್ಪ ಹೇಳಿಬಿಟ್ಟಿದ್ದ.

"ಅಣ್ಣಾ, ಟೀಚರ್ ಟ್ರೈನಿಂಗ್‌ಗೆ ಅರ್ಜಿ ಹಾಕೋಕೆ ಕಡೇ ದಿನ ಯಾವತ್ತು?"

ತಿಪ್ಪೇಶನಿಗೆ ಗೊತ್ತಿರಲಿಲ್ಲ. "ತಿಂಗಳ ಕಡೇಗಮ್ಮ. ಅವಸರ ಏನಿಲ್ಲ" ಅಂದ.

ತಿಪ್ಪೇಶಣ್ಣ ಹೇಳಿದ ಮೇಲೆ ಇನ್ನೇನು. ಮಾರಕ್ಕ ನಿಶ್ಚಿಂತೆಯಿಂದ ಮನೆಗೆ ಹೋದ್ಲು.

ಮುಂದಿನ ವಾರ ಮಿಷನ್ ಬೆಲ್ಟ್ ಹರೀತು. ಹೊಸದು ತರೋಕೆ ತಿಪ್ಪೇಶ ಪೇಟೆಗೆ ಹೋದ. ಅಲ್ಲೊಂದು ಹೊಸ ಅಂಗಡಿ, ಅದರ ಮೇಲೆ ಬೋರ್ಡು: "ಇಂಟರ್ನೆಟ್. ಏನು ಬೇಕಾದರೂ ಕೇಳಿ." ತಿಪ್ಪೇಶನಿಗೆ ಸ್ವಲ್ಪ ಉರೀತು. ಅದು ತನ್ನ ಕೆಲಸ. ಪರೀಕ್ಷೆ ಮಾಡೇಬಿಡೋಣ ಅಂತ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ.

"ಕೀಬೋರ್ಡ್ ಮುಟ್ಬೇಡಿ ಯಜಮಾನ್ರೆ, ಹಿಟ್ಟು ಬೀಳುತ್ತೆ" ಅಂದ್ರು ಅಂಗಡಿಯ ನಸೀಮಾ ಮೇಡಂ. ತಿಪ್ಪೇಶ ಕಂಪ್ಯೂಟರ್ ಪೆಟ್ಟಿಗೆ ಮುಂದೆ ಕೈ ಹಿಂದೆ ಕಟ್ಟಿಕೊಂಡು ಕೂತ.

"ಚಂದ್ರ ಎಷ್ಟು ದೂರ, ಕೇಳಿ."

ಮೇಡಂ ಟೈಪ್ ಮಾಡಿ ಓದಿದ್ರು. "ಎರಡು ಲಕ್ಷದ ಮೂವತ್ತೊಂಬತ್ತು ಸಾವಿರ ಮೈಲಿ, ಹೆಚ್ಚುಕಡಿಮೆ."

ಇಷ್ಟು ವರ್ಷ ಚಂದ್ರನನ್ನ ಎಷ್ಟು ಹತ್ತಿರ ತಂದು ಕೂರಿಸಿದ್ದೆ ಅನ್ನಿಸ್ತು ತಿಪ್ಪೇಶನಿಗೆ. ಆಮೇಲೆ ಮೇಡಂ ಒಂದು ಚಿತ್ರ ತೋರಿಸಿದ್ರು. ಕಪ್ಪು ಆಕಾಶದಲ್ಲಿ ಒಂದು ನೀಲಿ ಉಂಡೆ.

"ಇದು ಚಂದ್ರನ ಹತ್ತಿರದಿಂದ ತೆಗೆದ ಫೋಟೋ. ನಮ್ಮ ಭೂಮಿ."

"ಜಾಲಿಗುಂಟೆ ಎಲ್ಲಿ?"

"ಇದರೊಳಗೇ ಎಲ್ಲೋ ಇರುತ್ತೆ."

ತಿಪ್ಪೇಶ ಮುಂದಕ್ಕೆ ಬಾಗಿ ನೋಡಿದ. ಹರಿದ ಪೊಟ್ಟಣದ ಇನ್ನೊಂದು ಅರ್ಧ ಇಷ್ಟು ವರ್ಷ ಇಲ್ಲೇ ಇತ್ತು. ಅವನು ಸೇರಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು.

ಆದ್ರೂ ಮರ್ಯಾದೆ ಪ್ರಶ್ನೆ. "ಹೋದ ಯುಗಾದೀಲಿ ನನ್ನ ಸ್ಪ್ಯಾನರ್ ಕಳೆದುಹೋಯ್ತು. ಎಲ್ಲಿದೆ ಕೇಳಿ."

ಮೇಡಂ ನಗು ತಡಕೊಂಡು ಅದನ್ನೂ ಕೇಳಿದ್ರು.

"ಏನಂತೆ?"

"ಗೊತ್ತಿಲ್ವಂತೆ."

"ಹಂಗೇ ಅಂತಾ? ಇಷ್ಟು ತಿಳ್ಕೊಂಡಿರೋದು, ಎಲ್ಲರ ಎದುರಿಗೆ?"

"ಗೊತ್ತಿಲ್ಲದ್ದಕ್ಕೆ ಇನ್ನೇನು ಅನ್ನುತ್ತೆ ಯಜಮಾನ್ರೆ?"

ಭೂಮಿಯ ಫೋಟೋ ನೋಡಿದಾಗ ಆಗಿದ್ದಕ್ಕಿಂತ ಹೆಚ್ಚು ಬೆರಗು ಈಗಾಯ್ತು. ಆ ಬೆರಗಿನ ಹಿಂದೆಯೇ ಮಾರಕ್ಕನ ಮುಖ ಬಂತು.

"ಮೇಡಂ, ಟೀಚರ್ ಟ್ರೈನಿಂಗ್ ಅರ್ಜಿಗೆ ಕಡೇ ದಿನ ಯಾವತ್ತು?"

"ನಾಳೆ ಸಂಜೆ ಐದು ಗಂಟೆ."

ತಿಪ್ಪೇಶ ಓಡಿ ಬಸ್ ಹತ್ತಿದ. ಚಪ್ಪಲಿ ಅಲ್ಲೇ ಉಳೀತು. ಬೆಲ್ಟ್ ತರೋದೂ ಮರೆತುಹೋಯ್ತು.

ಮಿಷನ್ ಮುಂದೆ ಜನ ಡಬ್ಬ ಇಟ್ಟುಕೊಂಡು ಕಾಯ್ತಿದ್ರು. ಮಾರಕ್ಕನೂ ಅವಳ ತಾಯಿ ಓಬಕ್ಕನೂ ಅಲ್ಲೇ ಇದ್ರು. ಬರಿಗಾಲಲ್ಲಿ ನಿಂತು ತಿಪ್ಪೇಶ ಹೇಳಿದ: "ಮಾರಕ್ಕ, ಅರ್ಜಿಗೆ ನಾಳೇನೇ ಕಡೇ ದಿನ. ಅವತ್ತು ನಂಗೆ ಗೊತ್ತಿರಲಿಲ್ಲ ಕಣಮ್ಮ. ಗೊತ್ತಿರೋ ಥರ ಹೇಳ್ಬಿಟ್ಟೆ."

ಓಬಕ್ಕ ಡಬ್ಬ ಪಕ್ಕಕ್ಕಿಟ್ಟು ಕೇಳಿದ್ಲು, "ಹಂಗಾರೆ ಆ ಚಂದ್ರ?"

"ಅದೂ ತಪ್ಪು."

"ದಿಬ್ಬಣ?"

"ಅದೂ."

ಮಾರಕ್ಕ ಎದ್ದು ನಿಂತ್ಲು. "ನಿನ್ನ ಆಮೇಲೆ ಬೈತೀನಣ್ಣ. ಮೊದಲು ಹೇಳು, ಅರ್ಜಿ ಜೊತೆ ಏನೇನು ಕಾಗದ ಬೇಕು?"

ತಿಪ್ಪೇಶ ಅಭ್ಯಾಸಬಲದಿಂದ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಗೊತ್ತಿಲ್ಲ. ಬಾ, ಮೇಷ್ಟ್ರನ್ನ ಕೇಳೋಣ."

ಮರುದಿನ ಐದಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಅರ್ಜಿ ಆಫೀಸಿನೊಳಗೆ ಹೋಯ್ತು. ಈಗ ಜಾಲಿಗುಂಟೆ ಸ್ಕೂಲಲ್ಲಿ ಮಾರಕ್ಕ ಟೀಚರ್. ಊರಲ್ಲಿ ಎಲ್ಲರ ಜೇಬಲ್ಲೂ ಇಂಟರ್ನೆಟ್ ಇದೆ. ಆದ್ರೂ ಜನ ತಿಪ್ಪೇಶನ ಹತ್ತಿರ ಕೇಳೋಕೆ ಬರ್ತಾರೆ, ಮೊದಲಿಗಿಂತ ಜಾಸ್ತಿ. ಅವನು ಗೊತ್ತಿದ್ರೆ ಹೇಳ್ತಾನೆ. ಗೊತ್ತಿಲ್ಲದಿದ್ರೆ ಅವರ ಜೊತೆ ಕೂತು ಹುಡುಕ್ತಾನೆ.

"ಸ್ಪ್ಯಾನರ್ ಸಿಕ್ತಾ ತಿಪ್ಪೇಶಣ್ಣ?" ಅಂತ ಯಾರಾದ್ರೂ ಕಿಚಾಯಿಸಿದ್ರೆ, "ಆ ಪೆಟ್ಟಿಗೆಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇಬ್ಬರೂ ಹುಡುಕ್ತಾ ಇದೀವಿ" ಅಂತಾನೆ.

ನೀತಿ: ಗೊತ್ತಿಲ್ಲ ಅಂದ್ರೆ ಒಂದು ಗಳಿಗೆ ನಾಚಿಕೆ, ಅಷ್ಟೆ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ್ರೆ, ನಮ್ಮನ್ನ ನಂಬಿದವರು ದಾರಿ ತಪ್ತಾರೆ. ಎಲ್ಲ ದಿಬ್ಬಣಕ್ಕೂ ತಪ್ಪಿದ ದಾರೀಲಿ ಊಟ ಸಿಗಲ್ಲ.